ಹೊಸ ಟೈರ್ ಹಾಕಿಸಿದ ಮೇಲೆ ಗಾಡಿ ಎಡಕ್ಕೇಕೆ ಎಳೆಯಿತು?

ಹೊಸ ಟೈರ್ ಹಾಕಿಸಿಕೊಂಡು ಅಂಗಡಿಯಿಂದ ಹೊರಬಿದ್ದ ಗಾಡಿ ಮನೆ ತಲುಪುವ ಮೊದಲೇ ಒಂದು ಕಡೆಗೆ ಎಳೆಯತೊಡಗಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಅಲೈನ್‌ಮೆಂಟ್ ಮಾಡಿಸಿ. ಇಸ್ಸಾಕ್ವಾದಲ್ಲಿರುವ ನನ್ನ ಗೆಳೆಯನೂ ಮಾಡಿಸಿದ. ಅವನ ಪಿಕಪ್ ಟ್ರಕ್ ಎಡಕ್ಕೆ ಎಳೆಯುವುದು ಮಾತ್ರ ನಿಲ್ಲಲಿಲ್ಲ.

ಸಿಯಾಟಲ್‌ನಿಂದ ಪೂರ್ವಕ್ಕೆ ಐ-90 ಹೆದ್ದಾರಿ ಹಿಡಿದರೆ ಕೂಗರ್, ಸ್ಕ್ವಾಕ್, ಟೈಗರ್ ಎಂಬ ಮೂರು ಗುಡ್ಡಗಳ ಬುಡದಲ್ಲಿ ಸಿಗುವ ಊರು ಇಸ್ಸಾಕ್ವಾ. ಅಲ್ಲಿಂದ ಮುಂದೆ ದಾರಿ ಏರುತ್ತ ಹೋಗಿ ಸುಮಾರು 3,000 ಅಡಿ ಎತ್ತರದ ಸ್ನೋಕ್ವಾಲ್ಮಿ ಘಾಟಿಯನ್ನು ದಾಟುತ್ತದೆ. ಚಳಿಗಾಲದಲ್ಲಿ ಘಾಟಿಯ ಮೇಲೆ ಹಿಮ, ಕೆಳಗೆ ಊರಲ್ಲಿ ಬಿಡದ ಮಳೆ. ಸವೆದ ಟೈರಿನಲ್ಲಿ ಅಲ್ಲಿಗೆ ಹೋಗುವ ಧೈರ್ಯ ಯಾರೂ ಮಾಡುವುದಿಲ್ಲ. ಹಾಗಾಗಿ ಅವನು ಮಳೆಗಾಲಕ್ಕೆ ಮುಂಚೆಯೇ ನಾಲ್ಕೂ ಟೈರ್ ಬದಲಾಯಿಸಿದ್ದ. ಸ್ಟೇರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ನಿಧಾನವಾಗಿ ಎಡಗಡೆಯ ಲೇನಿಗೆ ಸರಿಯುತ್ತಿತ್ತು.

ಆಗ ಅವನ ಮಾವನವರು ಊರಿಂದ ಬಂದಿದ್ದರು. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಗಳ ಮನೆಯಲ್ಲಿ ಟಿವಿ ನೋಡಿ ಬೇಜಾರಾಗಿದ್ದ ಅವರಿಗೆ ಈ ಗಾಡಿ ಹಬ್ಬದೂಟದಂತೆ ಸಿಕ್ಕಿತು. "ಬ್ರೇಕ್ ಹಿಡ್ಕೊಂಡಿರುತ್ತೆ, ನೋಡಿ ಬೇಕಾದ್ರೆ" ಎಂದು ಮೊದಲ ದಿನವೇ ತೀರ್ಪು ಕೊಟ್ಟರು.

ತೀರ್ಪು ಕೊಟ್ಟರೂ ಮೊದಲು ನೋಡಿದ್ದು ಗಾಳಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಎಷ್ಟು ಗಾಳಿ ಇರಬೇಕೆಂದು ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆದರೆ ನಾಲ್ಕಕ್ಕೂ ಸಮನಾಗಿತ್ತು. ಮುಂದಿನ ಎರಡು ಚಕ್ರಗಳಲ್ಲಿ ಒಂದಕ್ಕೆ ಗಾಳಿ ಕಡಿಮೆಯಾದರೆ ಗಾಡಿ ಆ ಕಡೆಗೆ ವಾಲುತ್ತದೆ. ಈ ಕಾಯಿಲೆಗೆ ಖರ್ಚಿಲ್ಲದ ಕಾರಣ ಅದೊಂದೇ. ಇಲ್ಲಿ ಅದಾಗಿರಲಿಲ್ಲ.

ಆಮೇಲೆ ರಸ್ತೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿಗೆ ತುಸು ಇಳಿಜಾರಾಗಿ ಕಟ್ಟುತ್ತಾರೆ, ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು. ನಮ್ಮಲ್ಲಿ ಗಾಡಿಗಳು ಎಡಬದಿಯಲ್ಲಿ ಓಡುವುದರಿಂದ ಇಳಿಜಾರು ಎಡಕ್ಕೆ. ಬೆಂಗಳೂರಿನಲ್ಲಿ ಕಾರು ಸ್ವಲ್ಪ ಎಡಕ್ಕೆ ಜಾರಿದರೆ ತಪ್ಪು ರಸ್ತೆಯದೇ ಇರಬಹುದು. ಅಮೆರಿಕದಲ್ಲಿ ಬಲಬದಿಯ ಓಟ, ಬಲಕ್ಕೆ ಇಳಿಜಾರು. ಅಂಥ ರಸ್ತೆಯಲ್ಲಿ ಈ ಪಿಕಪ್ ಇಳಿಜಾರಿಗೆ ಎದುರಾಗಿ ಎಡಕ್ಕೆ ಏರುತ್ತಿತ್ತು. ಹಲವು ಲೇನುಗಳ ಹೆದ್ದಾರಿಯಲ್ಲಿ ಎಡಗಡೆಯ ಲೇನುಗಳು ಎಡಕ್ಕೇ ಇಳಿದಿರುವುದೂ ಉಂಟು. ಆದ್ದರಿಂದ ಫ್ರಂಟ್ ಸ್ಟ್ರೀಟ್‌ನಲ್ಲಿ ಐ-90 ಹತ್ತಿ, ಪ್ರೆಸ್ಟನ್‌ವರೆಗೆ ಲೇನ್ ಬದಲಿಸುತ್ತ ಹೋಗಿ, ತಿರುಗಿ ಬಂದೆವು. ಸಾಲದೆಂದು ಸಮ್ಮಾಮಿಶ್ ಸರೋವರದ ಪಕ್ಕದ ಪಾರ್ಕಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡೂ ದಿಕ್ಕಿಗೆ ಓಡಿಸಿದೆವು. ಎಲ್ಲೆಡೆ ಎಡಕ್ಕೇ. ರಸ್ತೆಯ ತಪ್ಪೇನೂ ಇಲ್ಲ ಎಂದಾಯಿತು.

ಪ್ರೆಸ್ಟನ್‌ನಿಂದ ಬಂದು ನಿಲ್ಲಿಸಿದ ಕೂಡಲೇ ಮಾವನವರು ಇಳಿದು ಒಂದೊಂದೇ ಚಕ್ರದ ಹತ್ತಿರ ಅಂಗೈ ಮಗುಚಿ ಹಿಡಿದರು, ಮುಟ್ಟದೆ, ಒಂದಿಂಚು ದೂರದಲ್ಲಿ. ಬ್ರೇಕ್ ಹಿಡಿದುಕೊಂಡ ಚಕ್ರ ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ. ಮುಂದಿನ ಎರಡರ ಬಿಸಿಯೂ ಒಂದೇ ಆಗಿತ್ತು. "ಅಲ್ಲ ಬಿಡಿ, ಬ್ರೇಕ್ ಅಲ್ಲ" ಎಂದು ಕೈ ಒರೆಸಿಕೊಂಡರು. ತಮ್ಮ ತೀರ್ಪನ್ನು ಇಷ್ಟು ಸಲೀಸಾಗಿ ಹಿಂತೆಗೆದುಕೊಳ್ಳುವ ಮೆಕ್ಯಾನಿಕ್ ಅಪರೂಪ.

ಉಳಿದದ್ದು ಅಲೈನ್‌ಮೆಂಟ್ ಚೀಟಿ. ಎದುರಿನಿಂದ ನೋಡಿದರೆ ಚಕ್ರ ಎಷ್ಟು ಓರೆ ಎಂಬುದು ಕ್ಯಾಂಬರ್. ಪಕ್ಕದಿಂದ ನೋಡಿದರೆ ಸ್ಟೇರಿಂಗ್ ತಿರುಗುವ ಅಚ್ಚು ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ಕ್ಯಾಸ್ಟರ್. ಎಡಬಲಗಳ ನಡುವೆ ಕ್ಯಾಂಬರ್ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾದರೆ ಗಾಡಿ ಎಳೆಯುವುದುಂಟು. ಕ್ಯಾಸ್ಟರ್ ಕಡಿಮೆ ಇರುವ ಕಡೆಗೂ ಎಳೆಯುತ್ತದೆ. ಮೇಲಿನಿಂದ ನೋಡಿದರೆ ಚಕ್ರ ಎಷ್ಟು ಒಳಕ್ಕೆ ಇಲ್ಲವೇ ಹೊರಕ್ಕೆ ಮುಖ ಮಾಡಿದೆ ಎಂಬುದು ಟೋ. ಅದು ಕೆಟ್ಟರೆ ಟೈರ್ ಸವೆಯುತ್ತದೆ, ಸ್ಟೇರಿಂಗ್ ಓರೆಯಾಗಿ ಕೂರುತ್ತದೆ, ಆದರೆ ಅದೊಂದರಿಂದಲೇ ಇಂಥ ಎಳೆತ ಬರುವುದು ಕಡಿಮೆ. ಚೀಟಿಯಲ್ಲಿ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿದ್ದವು. ಸವೆದ ಹಳೆಯ ಟೈರ್ ಅಲೈನ್‌ಮೆಂಟ್ ದೋಷಕ್ಕೆ ಹೊಂದಿಕೊಂಡು ಅದನ್ನು ಮುಚ್ಚಿಟ್ಟಿರುತ್ತದೆ, ಹೊಸದು ಬಂದಾಗ ಬಯಲಾಗುತ್ತದೆ ಎಂಬ ಮಾತಿದೆ. ಸುಳ್ಳಲ್ಲ. ಆದರೆ ಅಂಥ ದೋಷವಿದ್ದರೆ ಅದು ಈ ಚೀಟಿಯಲ್ಲಿ ಕಾಣಬೇಕಿತ್ತು.

ಹಾಗಾದರೆ ಟೈರೇ? ಮಾವನವರು ಒಪ್ಪಲಿಲ್ಲ. ಅವರ ಸರ್ವಿಸಿನ ಬಹುಪಾಲು ಕಳೆದದ್ದು ನೈಲಾನ್ ಟೈರಿನ ಕಾಲದಲ್ಲಿ. ನೈಲಾನ್ ಟೈರಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ, ಒಂದರ ಮೇಲೊಂದು ಅಡ್ಡಹಾದು ಹೋಗುತ್ತವೆ. ಈ ಪಿಕಪ್‌ನಲ್ಲಿದ್ದ ರೇಡಿಯಲ್ ಬೇರೆ ಜಾತಿ. ಅದರಲ್ಲಿ ದಾರಗಳು ಅಂಚಿನಿಂದ ಅಂಚಿಗೆ ನೇರವಾಗಿ ಸಾಗುತ್ತವೆ, ನೆಲ ಮುಟ್ಟುವ ಭಾಗದಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳು ಸುತ್ತಿರುತ್ತವೆ. ಫ್ರಾನ್ಸಿನ ಮಿಶೆಲಿನ್ ಕಂಪನಿ ಇದಕ್ಕೆ 1946ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ 1949ರಲ್ಲಿ ಮಾರುಕಟ್ಟೆಗೆ ತಂದಿತು. ಹಿಂದಿದ್ದವನು ಮಾರಿಯಸ್ ಮಿನ್ಯೋಲ್, ಕಂಪನಿಯ ಅಚ್ಚುಕೂಟದ ಕೆಲಸಕ್ಕೆಂದು ಸೇರಿದವನು. ಟೈರ್ ಎಲ್ಲಿ ಕಾಯುತ್ತದೆಂದು ಹುಡುಕಲು ಅವನು ಪಕ್ಕದ ಗೋಡೆಯನ್ನೇ ತೆಗೆದು ಬಿಡಿಬಿಡಿ ಉಕ್ಕಿನ ತಂತಿ ಹಾಕಿ ನೋಡಿದ. ಕಂಡವರು ಅದನ್ನು ನೊಣದ ಪಂಜರ ಎಂದು ಕರೆದರು. ಆ ಪಂಜರದಿಂದ ಬಂದ ಟೈರು ಕಡಿಮೆ ಕಾಯುತ್ತದೆ, ಹೆಚ್ಚು ಬಾಳುತ್ತದೆ. ಜೊತೆಗೆ ತನ್ನದೇ ಒಂದು ಕಾಯಿಲೆಯನ್ನೂ ತಂದಿತು.

ಕಾರ್ಖಾನೆಯಲ್ಲಿ ಟೈರ್ ಕಟ್ಟುವಾಗ ಆ ಉಕ್ಕಿನ ಪಟ್ಟಿ ನಡುಮಧ್ಯದಿಂದ ಕೂದಲೆಳೆಯಷ್ಟು ಸರಿದು ಕೂತರೂ ಸಾಕು, ಗಾಳಿ ತುಂಬಿದಾಗ ಟೈರಿನ ಒಂದು ಭುಜ ಇನ್ನೊಂದಕ್ಕಿಂತ ಚೂರು ಹೆಚ್ಚು ಉಬ್ಬುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಈಗ ಸಿಲಿಂಡರ್ ಅಲ್ಲ, ಶಂಕು. ಕಾಗದದ ಲೋಟವನ್ನು ನೆಲದ ಮೇಲೆ ಮಲಗಿಸಿ ಉರುಳಿಸಿದರೆ ಅದು ಸಣ್ಣ ತುದಿಯ ಕಡೆಗೇ ತಿರುಗುತ್ತದಲ್ಲ, ಹಾಗೆ. ಟೈರಿನವರು ಇದನ್ನು ಕೋನಿಸಿಟಿ ಎನ್ನುತ್ತಾರೆ. ಸಾಮಾನ್ಯ ಬ್ಯಾಲೆನ್ಸಿಂಗ್ ಯಂತ್ರ ನೋಡುವುದು ತೂಕವನ್ನು, ಅಲೈನ್‌ಮೆಂಟ್ ಯಂತ್ರ ನೋಡುವುದು ಕೋನವನ್ನು. ಇದು ಎರಡಕ್ಕೂ ಸಿಗದು.

ಸಿಗುವುದು ಒಂದು ಜಾಕ್ ಮತ್ತು ವೀಲ್ ಸ್ಪ್ಯಾನರಿಗೆ. ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ಲೋಟದ ದಿಕ್ಕು ತಿರುಗಿತು ತಾನೆ? ಎಳೆತವೂ ತಿರುಗಬೇಕು. ತಿರುಗದೆ ಮೊದಲಿನ ಕಡೆಗೇ ಎಳೆದರೆ ದೋಷ ಬೇರೆ ಕಡೆ ಇದೆ: ಅಲೈನ್‌ಮೆಂಟ್, ಬ್ರೇಕ್, ಇಲ್ಲವೇ ಪಟ್ಟಿಯ ತಂತಿಗಳ ಓರೆಯಿಂದಲೇ ಬರುವ ಇನ್ನೊಂದು ಬಗೆಯ ಎಳೆತ. ಈ ಕೊನೆಯದು ಟೈರನ್ನು ಎಡಬಲ ಬದಲಿಸಿದರೂ ಬದಲಾಗದು. ಜನರಲ್ ಮೋಟರ್ಸ್‌ನ ಸರ್ವಿಸ್ ಪುಸ್ತಕಗಳಲ್ಲೂ ರೇಡಿಯಲ್ ಟೈರಿನ ಎಳೆತಕ್ಕೆ ಈ ಅದಲುಬದಲಿನ ಕ್ರಮವನ್ನೇ ಕೊಟ್ಟಿದ್ದಾರೆ. ಒಂದೇ ಎಚ್ಚರಿಕೆ: ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಹಾಗೇ ಎಡಬಲ ಮಾಡುವಂತಿಲ್ಲ.

ಬಾಣ ಇರಲಿಲ್ಲ. ಗ್ಯಾರೇಜಿನ ಮುಂದೆ, ಜಿನುಗುವ ಮಳೆಯಲ್ಲಿ, ಮಾವನವರು ನಟ್‌ಗಳನ್ನು ಒಂದರ ಎದುರು ಒಂದರಂತೆ ಬಿಗಿದರು. ಸುತ್ತಿನ ಸಾಲಿನಲ್ಲಿ ಬಿಗಿಯಲು ಹೋದ ಅಳಿಯನಿಗೆ ಬೈಗುಳವೂ ಬಿತ್ತು. ಮತ್ತೆ ಐ-90. ಗಾಡಿ ಈ ಸಲ ಬಲಕ್ಕೆ ಎಳೆಯಿತು.

ಅಂದರೆ ಮುಂದಿನ ಎರಡರಲ್ಲಿ ಒಂದು. ಮೊದಲು ಎಡಕ್ಕಿದ್ದು ಈಗ ಬಲಕ್ಕೆ ಬಂದಿದ್ದ ಟೈರನ್ನು ಅದೇ ಬದಿಯ ಹಿಂದಿನ ಟೈರಿನೊಂದಿಗೆ ಬದಲಿಸಿದೆವು. ಗಾಡಿ ನೆಟ್ಟಗಾಯಿತು. ಆ ಟೈರಿನ ಪಕ್ಕದಲ್ಲಿ ಕೊರೆದಿದ್ದ ತಯಾರಿಕೆಯ ವಾರ-ವರ್ಷದ ನಾಲ್ಕು ಅಂಕಿಗಳನ್ನು ಉಳಿದ ಮೂರರ ಜೊತೆ ಹೋಲಿಸಿ ನೋಡಿದೆವು. ಎಲ್ಲವೂ ಒಂದೇ ವಾರದವು. ಅದರಿಂದ ಏನೂ ತಿಳಿಯಲಿಲ್ಲ.

ಕೆಲವು ಬ್ಯಾಲೆನ್ಸಿಂಗ್ ಯಂತ್ರಗಳಲ್ಲಿ ಟೈರಿಗೆ ಒತ್ತಿ ಹಿಡಿಯುವ ಒಂದು ರೋಲರ್ ಇರುತ್ತದೆ, ಅದು ಪಕ್ಕಕ್ಕೆ ತಳ್ಳುವ ಬಲವನ್ನೂ ಅಳೆಯುತ್ತದೆ. ಅಂಗಡಿಯವರು ಅದರ ಮೇಲೆ ಏರಿಸಿ ನೋಡಿ, ಮಾತಿಲ್ಲದೆ ಆ ಟೈರನ್ನು ಬದಲಿಸಿಕೊಟ್ಟರು. ಹೊಸ ಟೈರ್ ಹಾಕಿಸಿದ ದಿನವೇ ಗಾಡಿ ಎಳೆಯಲು ಶುರುವಾದರೆ ನೀವೂ ಗಾಳಿ ನೋಡಿ, ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿಕೊಡಿ ಎಂದು ಅಂಗಡಿಯವರನ್ನೇ ಕೇಳಿ, ಅಲೈನ್‌ಮೆಂಟ್ ಆಮೇಲೆ. ನನ್ನ ಗೆಳೆಯ ಮೊದಲೇ ಕೊಟ್ಟಿದ್ದ ಅಲೈನ್‌ಮೆಂಟ್ ಹಣವನ್ನು ಯಾರೂ ವಾಪಸ್ ಕೊಡಲಿಲ್ಲ.