ರಿಪೋರ್ಟ್ ಬರುವ ತನಕ

ಕಾಲ್ಬೆರಳಲ್ಲಿ ಶುರುವಾದ ಜೋಮು ತಿಂಗಳೊಪ್ಪತ್ತಿನಲ್ಲಿ ಮೊಣಕಾಲಿಗೆ ಏರುತ್ತದೆ. ಒಂದು ಕಣ್ಣು ಕೆಲವು ವಾರ ಮಂಜಾಗಿ ತಾನಾಗಿಯೇ ತಿಳಿಯಾಗುತ್ತದೆ. ಬರೆಯುವ ಕೈ ಕಾರಣವಿಲ್ಲದೆ ನಡುಗುತ್ತದೆ. ಇವೆಲ್ಲಕ್ಕೂ ನಮ್ಮ ಊರುಗಳಲ್ಲಿ ಸಿದ್ಧವಿರುವ ಹೆಸರು ‘ನರ ದೌರ್ಬಲ್ಯ’; ಸಿದ್ಧವಿರುವ ಮದ್ದು ಟಾನಿಕ್ ಅಥವಾ ಕೆಂಪು ಬಣ್ಣದ ಬಿ12 ಇಂಜೆಕ್ಷನ್. ಅದು ನಾಟದಿದ್ದಾಗ ವೈದ್ಯರು ನರರೋಗ ತಜ್ಞರತ್ತ ಕೈತೋರುತ್ತಾರೆ. ತಜ್ಞರು ಹೆಚ್ಚಾಗಿ ಇರುವುದು ದೊಡ್ಡ ನಗರಗಳಲ್ಲಿ. ಬೀದರಿನವರೋ ಚಾಮರಾಜನಗರದವರೋ ರಾತ್ರಿ ಬಸ್ಸು ಹಿಡಿದು ಬಂದು, ಚೀಟಿ ಮಾಡಿಸಿ, ಸ್ಕ್ಯಾನಿಂಗ್‌ಗೆ ದಿನ ಬರೆಸಿಕೊಂಡು ಹಿಂದಿರುಗುತ್ತಾರೆ. ಆ ದಿನದಿಂದ ಉತ್ತರ ಸಿಗುವವರೆಗಿನ ಅವಧಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ತಡ ಎಲ್ಲಿಂದ?

ಸರದಿ ಉದ್ದವಿರುವುದು ತಡಕ್ಕೆ ಒಂದು ಕಾರಣ ಮಾತ್ರ. ಒಂದೇ ಜೋಮಿನ ಹಿಂದೆ ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್ ದೋಷ, ಕತ್ತಿನಲ್ಲಿ ಒತ್ತಿದ ನರ, ಮಲ್ಟಿಪಲ್ ಸ್ಕ್ಲೆರೋಸಿಸ್ ಯಾವುದೂ ಇರಬಹುದು. ಒಂದೊಂದು ಪರೀಕ್ಷೆ ಕಾಣುವುದೂ ಒಂದೊಂದನ್ನು. ಎಂಆರ್‌ಐ ರಚನೆಯನ್ನು ತೋರಿಸುತ್ತದೆ; ನರಗಳು ಸಂಕೇತವನ್ನು ಎಷ್ಟು ವೇಗವಾಗಿ ಸಾಗಿಸುತ್ತವೆ ಎಂಬುದನ್ನು ಬೇರೊಂದು ಯಂತ್ರ ಅಳೆಯಬೇಕು. ಇಇಜಿ ದಾಖಲಿಸುವುದು ತಂತಿ ಅಂಟಿಸಿದ ಹೊತ್ತಿನ ಮಿದುಳನ್ನಷ್ಟೇ; ಫಿಟ್ಸ್ ಇರುವವರಲ್ಲೂ ಅದು ಸರಿಯಾಗಿಯೇ ಕಾಣಬಹುದು. 1868ರಲ್ಲಿ ಪ್ಯಾರಿಸ್‌ನಲ್ಲಿ ವಿವರವಾಗಿ ಗುರುತಿಸಲಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ನಿರ್ಣಯ ನಿಂತಿದ್ದುದೇ ಕಾಲದ ಮೇಲೆ: ನರಮಂಡಲದ ಬೇರೆ ಬೇರೆ ಕಡೆ, ಬೇರೆ ಬೇರೆ ಸಮಯದಲ್ಲಿ ಹಾನಿಯಾಗಿದೆ ಎಂದು ತೋರಬೇಕಿತ್ತು. 2001ರಿಂದ ಪರಿಷ್ಕೃತವಾಗುತ್ತ ಬಂದ ಮಾನದಂಡಗಳು ಆ ಅವಧಿಯನ್ನು ಬಹಳ ಕುಗ್ಗಿಸಿವೆ. ಆದರೂ ಕೆಲವರ ವಿಷಯದಲ್ಲಿ ತಿಂಗಳುಗಳ ನಂತರದ ಎರಡನೇ ಸ್ಕ್ಯಾನೇ ನಿರ್ಣಾಯಕ. ಅಂಥವರಿಗೆ ‘ಕಾದು ನೋಡೋಣ’ ಎನ್ನುವ ವೈದ್ಯರು ಕೈಚೆಲ್ಲಿದ್ದಾರೆಂದು ಭಾವಿಸಬೇಕಿಲ್ಲ. ಆದರೆ ಅದನ್ನು ಬಿಡಿಸಿ ಹೇಳುವವರು ಕಡಿಮೆ.

‘ನಾರ್ಮಲ್’ ಎಂದಾಗ

ಎಲ್ಲ ವರದಿಗಳೂ ಸರಿಯಿದ್ದು ಕಾಲು ಮಾತ್ರ ಸೋಲುತ್ತಿದ್ದರೆ ‘ಟೆನ್ಶನ್ ಮಾಡ್ಕೋಬೇಡಿ’ ಎಂಬ ಮಾತು ಬರುತ್ತದೆ. ರೋಗಿಯ ಅನುಮಾನಕ್ಕೆ ಇತಿಹಾಸದ ಆಧಾರವಿದೆ. ‘ಹಿಸ್ಟೀರಿಯಾ’ ಎಂದು ಕಳುಹಿಸಲಾದವರಲ್ಲಿ ಅನೇಕರಿಗೆ ಮುಂದೆ ನಿಜವಾದ ಕಾಯಿಲೆ ಕಂಡುಬಂತೆಂದು 1965ರಲ್ಲಿ ಲಂಡನ್ನಿನ ಅಧ್ಯಯನವೊಂದು ಎಚ್ಚರಿಸಿತ್ತು. 2005ರ ಸಮೀಕ್ಷೆಯೊಂದರ ಪ್ರಕಾರ ಇಂಥ ತಪ್ಪು ನಿರ್ಣಯ 1950ರ ದಶಕದಲ್ಲಿ ಶೇ 29ರಷ್ಟಿತ್ತು; 1970ರ ನಂತರ ಶೇ 4ಕ್ಕೆ ಇಳಿಯಿತು. (ಶ್ರೇಯಸ್ಸು ಸ್ಕ್ಯಾನರ್‌ಗೆ ಸಲ್ಲಬೇಕೆಂದು ಆ ಸಮೀಕ್ಷೆಯೂ ಒಪ್ಪಲಿಲ್ಲ, ಅಧ್ಯಯನಗಳ ಗುಣಮಟ್ಟ ಸುಧಾರಿಸಿರಬಹುದು ಎಂದಿತು.) ಇನ್ನೊಂದು ಮಗ್ಗುಲೂ ಇದೆ. ಮಿದುಳಿನ ರಚನೆ ಕೆಡದೆ ಅದರ ಕಾರ್ಯ ಮಾತ್ರ ಏರುಪೇರಾಗುವ ತೊಂದರೆಯನ್ನು ಇಂದು ವೈದ್ಯರು ಹಾಸಿಗೆಯ ಪಕ್ಕದಲ್ಲೇ, ನಿರ್ದಿಷ್ಟ ಲಕ್ಷಣಗಳಿಂದ ಗುರುತಿಸಬಲ್ಲರು. ಉದಾಹರಣೆಗೆ, ಬೇಕೆಂದು ಕೆಳಕ್ಕೆ ಒತ್ತಲಾಗದ ಕಾಲು, ಇನ್ನೊಂದು ಕಾಲನ್ನು ಎತ್ತುವಾಗ ತಾನಾಗಿ ಮಂಚವನ್ನು ಒತ್ತುತ್ತದೆ. ಅದು ನಟನೆಯಲ್ಲ; ಫಿಸಿಯೋಥೆರಪಿಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ. ಹೀಗಿರುವಾಗ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವುದರಲ್ಲೂ ಅಪಾಯವಿದೆ. ವಯಸ್ಸಾದಂತೆ ಎಂಆರ್‌ಐನಲ್ಲಿ ಕಾಣುವ ನಿರುಪದ್ರವಿ ಬಿಳಿ ಚುಕ್ಕೆಗಳೇ ಹೊಸ ಭಯಕ್ಕೆ ಕಾರಣವಾಗುತ್ತವೆ.

ನಡುವಿನ ದಿನಗಳು

ಹೆಸರಿಲ್ಲದ ಕಾಯಿಲೆಗೆ ರಜೆ ಸಿಗುವುದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಎರಡೂ ಇವೆ. ನಿರ್ಣಯವಾಗದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಮನೆಯವರ ಸಹಾನುಭೂತಿಯೂ ರಿಪೋರ್ಟ್ ಕೇಳುತ್ತದೆ. ಈ ನಡುವೆ ರೋಗಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಯಾವಾಗ, ಎಷ್ಟು ಹೊತ್ತು, ಏನು ಮಾಡುವಾಗ ತೊಂದರೆ ಬಂತೆಂಬ ಟಿಪ್ಪಣಿ ತಜ್ಞರಿಗೆ ಬೇಕು. ಬಂದು ಹೋಗುವ ನಡುಕವನ್ನೋ ಸೆಳೆತವನ್ನೋ ಮೊಬೈಲಿನಲ್ಲಿ ಹಿಡಿದರೆ ಇನ್ನೂ ಒಳ್ಳೆಯದು. ರಕ್ತ ಕೊಡುವ ಮೊದಲೇ ಬಿ12 ಇಂಜೆಕ್ಷನ್ ಹಾಕಿಸಿಕೊಂಡರೆ ಕೊರತೆ ಮರೆಯಾಗಿ, ವರದಿ ದಾರಿ ತಪ್ಪಿಸುತ್ತದೆ. ಆಸ್ಪತ್ರೆಗಳ ಕಡೆಯಿಂದ ಬೇಕಾದದ್ದು ಹೊಸ ಯಂತ್ರಗಳಿಗಿಂತ ಮೊದಲು ಚೀಟಿಯ ಮೇಲೆ ಕನ್ನಡದಲ್ಲಿ ಮೂರು ಸಾಲು: ಏನನ್ನು ಹುಡುಕುತ್ತಿದ್ದೇವೆ, ಯಾವುದು ಇಲ್ಲವೆಂದು ಖಚಿತವಾಗಿದೆ, ಯಾವ ಲಕ್ಷಣ ಕಂಡರೆ ದಿನಾಂಕಕ್ಕೆ ಕಾಯದೆ ಬರಬೇಕು. ಮೂರನೆಯದನ್ನು ಈಗಲೇ ಹೇಳಬಹುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಬದಿ ಸೋಲುವುದು, ದೃಷ್ಟಿ ಹಠಾತ್ ಹೋಗುವುದು, ಮೂತ್ರ ಹಿಡಿತ ತಪ್ಪುವುದು, ಕಾಲಿನ ಜೋಮು ಮೇಲೇರುತ್ತ ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಹೋಗಬೇಕಾದದ್ದು ತುರ್ತು ಚಿಕಿತ್ಸಾ ಘಟಕಕ್ಕೆ, ಆ ಗಂಟೆಯಲ್ಲೇ.