ನಿಜಾಮರ ವೈಭವದಲ್ಲಿ ಕಲ್ಯಾಣಿಯ ಪಾಲೆಷ್ಟು?

1937ರ ಫೆಬ್ರವರಿಯಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಹೈದರಾಬಾದಿನ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಜಗತ್ತಿನಲ್ಲೇ ಅತಿ ಶ್ರೀಮಂತರೆಂದು ಕರೆಯಿತು. ಆಗ ಬಸವಕಲ್ಯಾಣ ಇನ್ನೂ ಬರೀ ಕಲ್ಯಾಣಿ, ನವಾಬರ ಜಹಗೀರು. ಹುಮನಾಬಾದಿನ ನೆರೆಯ ಚಿಟಗುಪ್ಪ ನಿಜಾಮರ ಆಪ್ತ ಶ್ರೀಮಂತರಾದ ಪಾಯಗಾ ಮನೆತನದ ಕೈಯಲ್ಲಿತ್ತು.

ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ನಿಜಾಮ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಇದನ್ನು ಒಪ್ಪಲೇಬೇಕು. 1930ರಲ್ಲಿ ಬ್ರಿಟಿಷ್ ಕಂಪನಿಯಿಂದ ರೈಲ್ವೆಯನ್ನು ಕೊಂಡುಕೊಂಡಿತು. 1931ರಲ್ಲಿ ನಿಜಾಮಸಾಗರ ಅಣೆಕಟ್ಟು ಮುಗಿಯಿತು. 1932ರಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಯಿತು. ಬೋಧನದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಆದರೆ ನಿಜಾಮಸಾಗರಕ್ಕೆ ಕಟ್ಟೆ ಹಾಕಿದ್ದು ಮಾಂಜ್ರಾ ನದಿಗೆ. ಬೀದರ್ ಸೀಮೆಯನ್ನು ಹಾದುಹೋಗುವ ಆ ನೀರು ಹಸಿರು ಮಾಡಿದ್ದು ಕೆಳಗಿನ ನಿಜಾಮಾಬಾದಿನ ಗದ್ದೆಗಳನ್ನು. ಬೀದರಿಗೆ ನಿಜಾಮರ ಕಾಲದಲ್ಲೇ ರೈಲು ಬಂತು. ಆದರೆ ಹುಮನಾಬಾದ್ ಮೇಲೆ ಹಾಯುವ ಬೀದರ್–ಕಲಬುರಗಿ ಮಾರ್ಗ ಪೂರ್ತಿ ತೆರೆದುಕೊಂಡದ್ದು 2017ರ ಅಕ್ಟೋಬರಿನಲ್ಲಿ.

ಜಹಗೀರಿನ ರೈತನ ಕಂದಾಯ ಸರ್ಕಾರಿ ಖಜಾನೆಗಲ್ಲ, ಜಹಗೀರುದಾರರ ದೇವಡಿಗೆ ಹೋಗುತ್ತಿತ್ತು. ರಾಜ್ಯದ ಸುಮಾರು ಮೂರನೇ ಒಂದು ಪಾಲು ನೆಲದ ಕತೆಯೇ ಇದು. ಜೋಳದ ಧಾರಣೆ ಬಿದ್ದರೂ ಕಂದಾಯದ ರೊಕ್ಕ ಇಳಿಯದಿದ್ದರೆ ಉಳಿಯುವ ದಾರಿ ಸಾಹುಕಾರನ ಮನೆ ಒಂದೇ. ಆ ರೈತನನ್ನು ನಿಜಾಮರೇ ದೋಚಿದರೆಂದು ನಾನು ಹೇಳುತ್ತಿಲ್ಲ. ದೋಚುವವರನ್ನು ತಡೆಯುವ ಅಧಿಕಾರವಿದ್ದದ್ದು ಅವರೊಬ್ಬರಿಗೇ, ಅವರು ತಡೆಯಲಿಲ್ಲ.

ಆಮೇಲೆ ಎರಡನೇ ಮಹಾಯುದ್ಧ. ಬ್ರಿಟಿಷರ ‘ನಿಷ್ಠಾವಂತ ಮಿತ್ರ’ ಎಂಬ ಬಿರುದು ಹೊತ್ತಿದ್ದ ನಿಜಾಮರು ಧಾರಾಳವಾಗಿ ಹಣ ಕೊಟ್ಟರು. ಹೈದರಾಬಾದಿನ ಹೆಸರು ಹೊತ್ತ ಎರಡು ವಿಮಾನ ದಳಗಳು 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ನರ ವಿರುದ್ಧ ಕಾದಿದವು. 1941ರ ಕಾಯ್ದೆಯಿಂದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿ ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದ ಉಸ್ತುವಾರಿ ಹೊತ್ತಿತು. ಆದರೆ ಯುದ್ಧದಿಂದ ಹಳ್ಳಿಗೆ ಬಂದದ್ದು ಲೆವಿ: ಬೆಳೆದ ಧಾನ್ಯದಲ್ಲಿ ಗೊತ್ತುಮಾಡಿದ ಪಾಲನ್ನು ಸರ್ಕಾರ ಹೇಳಿದ ದರಕ್ಕೆ ಅಳೆಯಬೇಕು. ಲೆಕ್ಕ ಬರೆಯುವವನು ಪಟವಾರಿ. ದೊಡ್ಡವರ ಹಗೇವು ತುಂಬಿದ್ದಾಗ ಸಣ್ಣವರ ಕಣ ಖಾಲಿಯಾಯಿತು. ತೆಲಂಗಾಣದ ರೈತರ ಬಂಡಾಯಕ್ಕೆ ಈ ಲೆವಿಯೂ ಕಿಚ್ಚು ಹಚ್ಚಿತು.

ನನ್ನನ್ನು ಹೆಚ್ಚು ಕಾಡುವುದು ಕಲಿಕೆಯ ಮಾತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ದಿಟ್ಟ ಪ್ರಯೋಗ. ಆದರೆ ಆ ಭಾಷೆ ಉರ್ದು. ಕನ್ನಡದ ಮಕ್ಕಳಿಗೆ ಅದರಿಂದ ಬಾಗಿಲು ತೆರೆಯಲಿಲ್ಲ. ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. 

ದೇಶ ಸ್ವತಂತ್ರವಾದ ಮೇಲೂ ನಿಜಾಮರು ಪ್ರತ್ಯೇಕ ರಾಜ್ಯದ ಹಟ ಬಿಡಲಿಲ್ಲ. 1948ರ ಮೇ 9ರಂದು ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಗರನ್ನು ಕೊಂದರು. ಸೆಪ್ಟೆಂಬರ್ 17ಕ್ಕೆ ಭಾರತದ ಸೇನಾ ಕಾರ್ಯಾಚರಣೆ ಮುಗಿದು ನಿಜಾಮರ ಆಡಳಿತ ಕೊನೆಗೊಂಡಿತು, ಮರುವರ್ಷ ಜಹಗೀರುಗಳು ರದ್ದಾದವು.

ಈಗ ಪ್ರತಿ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಗೋರ್ಟಾ ಬರುತ್ತದೆ, ಬರಲೇಬೇಕು. ಅದರ ಜೊತೆಗೆ ಜಹಗೀರಿನ ಕಂದಾಯ, ಯುದ್ಧಕಾಲದ ಲೆವಿ, ಕನ್ನಡ ಶಾಲೆಯಿಲ್ಲದ ಊರುಗಳ ಕತೆಯನ್ನೂ ನಮ್ಮ ಮಕ್ಕಳಿಗೆ ಹೇಳಬೇಕು. ನಿಜಾಮಸಾಗರವನ್ನೂ ಮರೆಮಾಚದೆ.