ಗಂಡನದ್ದು ಮೂರು ಪದ, ಹೆಂಡತಿಯದ್ದು ಎರಡು ನಿಮಿಷ

ಕಳೆದ ಮಳೆಗಾಲದಲ್ಲಿ ನಿಪ್ಪಾಣಿಯ ನಮ್ಮ ಬೇಕರಿಗೆ ಒಂದೇ ಮನೆಯಿಂದ, ಒಂದೇ ಕೇಕಿನ ಬಗ್ಗೆ ಎರಡು ಮೆಸೇಜ್ ಬಂತು. ಗಂಡನದ್ದು: "1 ಕೆಜಿ. ಎಗ್‌ಲೆಸ್. ಸಂಜಿ 6." ಮುಗಿಯಿತು. ಹೆಂಡತಿಯದ್ದು ವಾಯ್ಸ್ ಮೆಸೇಜ್, ಎರಡು ನಿಮಿಷಕ್ಕೂ ಮೇಲೆ. ಮಗಳಿಗೆ ಐದು ತುಂಬುತ್ತದೆ, ಹೋದ ವರ್ಷ ಬೇರೆ ಅಂಗಡಿಯಲ್ಲಿ ಹೆಸರು ತಪ್ಪು ಬರೆದು ಹುಡುಗಿ ಅತ್ತಿದ್ದಳು, ಅತ್ತೆಗೆ ಶುಗರ್ ಇದ್ದರೂ ಒಂದು ತುಂಡು ತಿಂದೇ ತಿನ್ನುತ್ತಾರೆ, ಹಾಗಾಗಿ ಕ್ರೀಮ್ ಕಡಿಮೆ ಇರಲಿ, ನಿಮ್ಮ ಓಣಿಯಲ್ಲಿ ನೀರು ನಿಂತಿದೆಯಂತೆ, ಮಕ್ಕಳು ಹುಷಾರಾ... ಇಷ್ಟೆಲ್ಲ ಆದ ಮೇಲೆ ಕಟ್ಟಕಡೆಗೆ, "ಶೇಂಗಾ ಮಾತ್ರ ಹಾಕಬ್ಯಾಡ್ರಿ, ಹುಡುಗಿ ಮೈಗೆ ಗಂದಿ ಏಳ್ತಾವ."

ನಾವು ಗಂಡನ ಮೆಸೇಜ್ ನೋಡಿ ಕೇಕ್ ಮಾಡಿದೆವು. ಹೆಂಡತಿಯದ್ದನ್ನು ಅರ್ಧ ಕೇಳಿ "ಓಕೆ" ಹಾಕಿದ್ದೆವು. ಕೇಕಿನ ಮೇಲೆ ಹುರಿದ ಶೇಂಗಾ ತರಿ ಉದುರಿಸಿ ಆಗಿತ್ತು. ಸಂಜೆ ಆರಕ್ಕೆ ಆಕೆಯೇ ಬಂದದ್ದು ನಮ್ಮ ಪುಣ್ಯ. ಡಬ್ಬಿ ತೆರೆದು ನೋಡಿದವಳು ಬೈಯಲಿಲ್ಲ. "ಹೇಳಿದ್ದೆನಲ್ಲಾ ಭೈಯಾ" ಅಂದಳು, ಅಷ್ಟೇ. ಏಳೂವರೆಗೆ ಇನ್ನೊಂದು ಕೇಕ್ ಮಾಡಿ ಮನೆಗೆ ಮುಟ್ಟಿಸಿದೆವು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಆ ಒಂದು ಮಾತು ಇವತ್ತಿಗೂ ಕಿವಿಯಲ್ಲಿ ಕೂತಿದೆ ಮಾರಾಯ್ರೆ. ಆಕೆ ಹೇಳಿದ್ದಳು. ನಾವು ಕೇಳಿರಲಿಲ್ಲ.

ಊರಿನಲ್ಲಿರುವ ಓದುಗರಿಗೆ ಈ ಕಡೆಯ ಪರಿಚಯ ಸ್ವಲ್ಪ ಬೇಕು. ನಿಪ್ಪಾಣಿ ಇರುವುದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ. ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಬೀಡಿ ತಂಬಾಕಿನ ಊರು. ನಮ್ಮ ಲೈನ್ ಗಾಡಿ ಖಾರಿ, ಟೋಸ್ಟ್ ಹಾಕಿಕೊಂಡು ವಾರಕ್ಕೆ ಎರಡು ಸಲ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸುತ್ತಿ ಬರುತ್ತದೆ. ಕಬ್ಬು, ಸಕ್ಕರೆ ಕಾರ್ಖಾನೆ, ಕೃಷ್ಣಾ ನದಿ. ಮಾತಿಗೆ ಕನ್ನಡ, ಮರಾಠಿ, ನಮ್ಮವರ ಮನೆಗಳಲ್ಲಿ ದಖನಿ ಉರ್ದು. ಇಲ್ಲಿ ನಮ್ಮ ಬ್ಯಾರಿ ಭಾಷೆ ಬಂದರೆ ಅದು ಫೋನಿನೊಳಗಿಂದ ಮಾತ್ರ.

ಆರ್ಡರ್ ಎಲ್ಲ ವಾಟ್ಸಾಪಿನಲ್ಲೇ ಬರುವುದರಿಂದ ಈ ಐದು ತಾಲ್ಲೂಕಿನ ಗಂಡಸರು, ಹೆಂಗಸರು ಮೆಸೇಜ್ ಹಾಕುವ ರೀತಿ ನಮಗೆ ಬಾಯಿಪಾಠ. ಗಂಡಸರದ್ದು ಲೆಕ್ಕ: "ಖಾರಿ 4, ಟೋಸ್ಟ್ 6, ನಾಳೆ." ಸಲಾಮೂ ಒಂದು ಅಕ್ಷರಕ್ಕೆ ಇಳಿದಿದೆ. ಗ್ರೂಪಿನಲ್ಲಾದರೆ ಫಾರ್ವರ್ಡ್ ಮೇಲೆ ಫಾರ್ವರ್ಡ್, ಕಬ್ಬಿನ ದರ, ಕ್ರಿಕೆಟ್, ರಾಜಕೀಯ. ಹೆಂಗಸರು ಪೂರ್ತಿ ಸಲಾಮಿನಿಂದ ಶುರು ಮಾಡುತ್ತಾರೆ, ಉತ್ತರ ಬರುವವರೆಗೆ ಮುಂದೆ ಹೋಗುವುದಿಲ್ಲ. ವಿಷಯ ಕೊನೆಯಲ್ಲಿ. ಹೋಗುವಾಗಲೂ ಒಂದು ದುವಾ.

ಇದನ್ನು ದೊಡ್ಡವರು ಪುಸ್ತಕದಲ್ಲೂ ಬರೆದಿದ್ದಾರೆ. ಅಮೆರಿಕದ ಭಾಷಾ ವಿದ್ವಾಂಸೆ ಡೆಬೊರಾ ಟ್ಯಾನನ್ 1990ರಲ್ಲೇ, ಗಂಡಸರ ಮಾತು ಹೆಚ್ಚಾಗಿ ವರದಿ ಒಪ್ಪಿಸುವ ಮಾತು, ಹೆಂಗಸರದ್ದು ನಂಟು ಕಟ್ಟುವ ಮಾತು ಅಂದರು. ರಿಚ್ ಲಿಂಗ್ ಎಂಬವರು 2002ರಲ್ಲಿ ನಾರ್ವೆಯ ಜನರ ಎಸ್ಸೆಮ್ಮೆಸ್ ಸಂಗ್ರಹಿಸಿ ನೋಡಿದಾಗ ಹೆಂಗಸರ ಮೆಸೇಜ್ ಉದ್ದ, ವಾಕ್ಯ ಪೂರ್ತಿ, ನಮಸ್ಕಾರ–ವಿದಾಯ ಹೆಚ್ಚು ಎಂದು ಕಂಡಿತು. ನಾರ್ವೆಗೂ ರಾಯಬಾಗಕ್ಕೂ ಇಷ್ಟು ಹೊಂದಿಕೆ ಇರುವುದು ನೋಡಿ ನಮಗೆ ನಗು ಬಂತು.

ಆದರೆ ನಾರ್ವೆಯ ಹೆಂಗಸಿನ ಫೋನ್ ಅವಳದ್ದು. ಇಲ್ಲಿ ಹಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54, ಕರ್ನಾಟಕದಲ್ಲಿ 62ರ ಆಸುಪಾಸು. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ದೇಶದಲ್ಲಿ ಗಂಡಸರು 57, ಹೆಂಗಸರು 33. ಉಳಿದವರ ಕೈಗೆ ಫೋನ್ ಬರುವುದು ಗಂಡ ಸ್ನಾನಕ್ಕೆ ಹೋದಾಗ, ಮಗ ಮಲಗಿದ ಮೇಲೆ.

ಅದಕ್ಕೇ ನಮ್ಮ ಹೆಂಗಸರ ಮೆಸೇಜಿನಲ್ಲಿ ಇನ್ನೊಂದು ಜಾತಿ ಉಂಟು. ಮೊದಲು ಬರೀ ಒಂದು ಚುಕ್ಕೆ ಬರುತ್ತದೆ, ಅಥವಾ "ಹಾಂ". ಆ ಕಡೆ ಫೋನ್ ಯಾರ ಕೈಯಲ್ಲಿದೆ ಅಂತ ನೋಡುವುದು ಅದು. ಹೆಂಗಸೇ ಅಂತ ಗೊತ್ತಾದರೆ ಮಾತು ಮುಂದುವರಿಯುತ್ತದೆ. ಮುಗಿದ ಮೇಲೆ ಎಲ್ಲ ಅಳಿಸಿ ಹೋಗುತ್ತದೆ. ನಮ್ಮ ಮನೆಯವರ ಫೋನಿಗೆ ಅಥಣಿಯಿಂದ ಒಬ್ಬರು ಹೀಗೆ ಬರುತ್ತಾರೆ. ಚಪ್ಪಲಿಗೆ ಹೆಣಿಗೆ ಹಾಕುವ ಕೆಲಸ ಅವರದ್ದು. ಕೊಲ್ಹಾಪುರಿ ಚಪ್ಪಲಿ ಅಂತ ಊರಿಡೀ ಮಾರುವುದರಲ್ಲಿ ಎಷ್ಟೋ ಜೊತೆ ಅಥಣಿ ಸುತ್ತಮುತ್ತಲಿನದ್ದೇ, ಚರ್ಮ ಕತ್ತರಿಸುವುದು ಗಂಡಸರು, ಹೆಣೆಯುವುದು ಹೆಂಗಸರು. ಇವರು ತಿಂಗಳಿಗೆ ಸ್ವಲ್ಪ ದುಡ್ಡು ನಮ್ಮಲ್ಲಿ ಇಟ್ಟು ಮಗಳ ಫೀಸಿಗೆ ಕೂಡಿಸುತ್ತಿದ್ದಾರೆ. "ಎಷ್ಟಾತು?" ಅಂತ ಒಂದು ಮೆಸೇಜ್, ಉತ್ತರ ನೋಡಿದ ಕೂಡಲೇ ಡಿಲೀಟ್. ಅವರ ಮೆಸೇಜ್ ಗಂಡಸರದ್ದಕ್ಕಿಂತ ಗಿಡ್ಡ. ಹೆಂಗಸರು ಉದ್ದಕ್ಕೆ ಮಾತಾಡುತ್ತಾರೆ ಅನ್ನುವ ವಿದ್ವಾಂಸರು ಇದನ್ನೊಮ್ಮೆ ನೋಡಬೇಕು.

ನಮ್ಮ ಬ್ಯಾರಿ ಮನೆಗಳಿಗೆ ಇದು ಹೊಸತಾ? ಉಪ್ಪ ದಮ್ಮಾಮಿನಲ್ಲಿದ್ದಾಗ ಉಮ್ಮನ ಕಾಗದ ಬರೆದದ್ದು ನಾವು, ಮೂರನೇ ಕ್ಲಾಸಿನ ಅಕ್ಷರದಲ್ಲಿ. ಉಮ್ಮನಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರೆಯಲು ಬರುತ್ತಿರಲಿಲ್ಲ. "ಎಲ್ಲರೂ ಸೌಖ್ಯ, ದನ ಕರು ಹಾಕಿದೆ, ಹಂಚು ಹೊದಿಸಿ ಆಯಿತು." ಕಾಗದದಲ್ಲಿ ಅಷ್ಟೇ ಇರುತ್ತಿತ್ತು. ಮಗ ಬರೆಯುವ ಕಾಗದದಲ್ಲಿ, ಆ ಕಡೆ ಇಡೀ ರೂಮಿನವರು ಕೇಳಿಸಿಕೊಳ್ಳುವ ಕಾಗದದಲ್ಲಿ ಹೆಂಗಸು ಇನ್ನೆಂತ ಹೇಳುವುದು? ಆಮೇಲೆ ಟೇಪ್ ರೆಕಾರ್ಡರ್ ಬಂತು. ಊರಿಗೆ ಬಂದು ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವ ಕ್ರಮ ಶುರುವಾಯಿತು. ಉಮ್ಮ ನಮ್ಮನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಒಂದು ಬದಿ ಪೂರ್ತಿ ಮಾತಾಡಿದ್ದು ನಮಗೆ ನೆನಪಿದೆ. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು.

ಎಸ್ಸೆಮ್ಮೆಸ್ ಕಾಲದಲ್ಲಿ ಆ ಬಾಗಿಲು ಮತ್ತೆ ಮುಚ್ಚಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋದ ಮೊದಲ ಎಸ್ಸೆಮ್ಮೆಸ್ ಒಂದು ಕ್ರಿಸ್ಮಸ್ ಶುಭಾಶಯ. ಒಂದು ಮೆಸೇಜಿಗೆ 160 ಅಕ್ಷರ ಎಂಬ ಲೆಕ್ಕ ಇಂಗ್ಲಿಷಿಗೆ ಮಾತ್ರ, ಕನ್ನಡಕ್ಕೆ 70. ಅದರಲ್ಲೂ ಒತ್ತು, ದೀರ್ಘ, ಗುಡಿಸು ಎಲ್ಲ ಬೇರೆ ಬೇರೆ ಲೆಕ್ಕ. "ನಿಪ್ಪಾಣಿ" ಅಂತ ಬರೆದರೆ ಕಣ್ಣಿಗೆ ಮೂರು, ಫೋನಿಗೆ ಎಂಟು. ಮೇಲಿಂದ ಈದ್, ದೀಪಾವಳಿಯಂಥ ದಿನಗಳಲ್ಲಿ ಮೆಸೇಜ್ ಪ್ಯಾಕ್ ನಡೆಯುತ್ತಿರಲಿಲ್ಲ, ಹಾಗಾಗಿ ಈದ್ ಮುಬಾರಕ್ ಹಿಂದಿನ ದಿನವೇ ಬಂದು ಬೀಳುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಗೀಚಲು ಬರುವ ಗಂಡಸರಿಗೆ, ಕಾಲೇಜು ಮಕ್ಕಳಿಗೆ ಅದು ಆಯಿತು. ಉಮ್ಮನಂಥವರಿಗೆ ಮಿಸ್ಡ್ ಕಾಲ್ ಒಂದೇ ಗತಿ.

ಬಾಗಿಲು ತೆರೆದದ್ದು 2013ರಲ್ಲಿ, ವಾಟ್ಸಾಪಿನಲ್ಲಿ ಮೈಕ್ ಒತ್ತಿ ಮಾತಾಡುವುದು ಬಂದಾಗ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಕೇಳಬೇಡಿ. ಬ್ಯಾರಿ ಭಾಷೆ ಬರೆಯುವವರು ಕಡಿಮೆ, ಮಾತಾಡದವರಿಲ್ಲ. ಇಲ್ಲಿಯೂ ಅದೇ ಕತೆ: ತಾಯಿ ಕಲಿತದ್ದು ಮರಾಠಿ ಶಾಲೆ, ಸೊಸೆ ಉರ್ದು ಶಾಲೆ, ಮಕ್ಕಳು ಕನ್ನಡ ಶಾಲೆ. ಒಂದೇ ಮನೆಯಲ್ಲಿ ಮೂರು ಲಿಪಿ. ದನಿಗೆ ಲಿಪಿ ಬೇಡ. ಹೆಂಗಸರು ಎರಡು ನಿಮಿಷ ಮಾತಾಡುವುದು ಬಾಯಿ ಬಡುಕಿಯರೆಂದಲ್ಲ. ಅವರಿಗೆ ಕಾಗದ, ಎಸ್ಸೆಮ್ಮೆಸ್ ಎರಡೂ ಸರಿಯಾಗಿ ಸಿಕ್ಕಿರಲಿಲ್ಲ, ಇದು ಸಿಕ್ಕಿತು. ಆದರೆ 2021ರಲ್ಲಿ ಕಂಪೆನಿಯವರು ದನಿಯನ್ನು ಒಂದೂವರೆ ಪಟ್ಟು, ಎರಡು ಪಟ್ಟು ಓಡಿಸುವ ಗುಂಡಿಯನ್ನೂ ಕೊಟ್ಟರು. ಉಮ್ಮನ ಮೆಸೇಜನ್ನು ಎರಡು ಪಟ್ಟಿನಲ್ಲಿ ಕೇಳಿದವರಲ್ಲಿ ನಾವೂ ಇದ್ದೇವೆ, ಸುಳ್ಳು ಯಾಕೆ ಹೇಳುವುದು.

2019ರ ಆಗಸ್ಟಿನ ನೆರೆಯನ್ನು ಈ ಕಡೆಯವರು ಮರೆಯುವುದಿಲ್ಲ. ನಮ್ಮ ಲೈನ್ ಗಾಡಿಯ ಹುಡುಗನ ಮನೆ ಚಿಕ್ಕೋಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಹಳ್ಳಿ. ಗಂಡಸರ ಗ್ರೂಪಿನಲ್ಲಿ ಬೆಳಗಿನಿಂದ ಕ್ಯೂಸೆಕ್ ಲೆಕ್ಕ: ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು, ದೂಧಗಂಗಾ ಎಷ್ಟು ಏರಿತು. ಹುಡುಗ ಅಂಗಡಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದ, ನಮಗೂ ಓದಿ ಹೇಳುತ್ತಿದ್ದ. ಮನೆಯಿಂದ ಅವನ ತಾಯಿಯ ವಾಯ್ಸ್ ಮೆಸೇಜ್ ಒಂದರ ಹಿಂದೆ ಒಂದು ಐದು ಬಂದಿದ್ದವು. "ಅವ್ವ ಸುಮ್ಮನ ಹೆದರ್ತಾಳ್ರಿ" ಅಂದ, ತೆರೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತೆರೆದ. ಮೊದಲನೆಯದರಲ್ಲಿ ಮೇವಿನ ಬಣವೆ ತೇಲಿದ ಸುದ್ದಿ. ಮೂರನೆಯದರಲ್ಲಿ ನೀರು ಗೋದಲಿಗೆ ಬಂದಿತ್ತು. ಐದನೆಯದರಲ್ಲಿ ಮಾತಿಲ್ಲ, ಎಮ್ಮೆ ಒದರುವುದು, ನೀರಿನ ಸದ್ದು. ಅಲ್ಲಿಂದ ಫೋನ್ ಹತ್ತಲಿಲ್ಲ. ಇಬ್ಬರೂ ಗಾಡಿ ತೆಗೆದುಕೊಂಡು ಹೋದರೆ ದಾರಿಯಲ್ಲೇ ರಸ್ತೆ ಮುಳುಗಿತ್ತು. ಮರುದಿನ ಸಂಜೆ ಕಾಳಜಿ ಕೇಂದ್ರವಾಗಿದ್ದ ಒಂದು ಶಾಲೆಯಲ್ಲಿ ತಾಯಿ ಸಿಕ್ಕಿದರು. ಎಮ್ಮೆ ಸಿಗಲಿಲ್ಲ.

ಕ್ಯೂಸೆಕ್ ಲೆಕ್ಕ ತಪ್ಪಿರಲಿಲ್ಲ. ಆದರೆ ಅದರಲ್ಲಿ ಅವನ ಮನೆ ಇರಲಿಲ್ಲ. ನೀರು ಅವನ ಮನೆಗೆ ಎಷ್ಟೊತ್ತಿಗೆ ಬಂತು ಎಂಬುದು ಇದ್ದದ್ದು ಆ ಐದು ವಾಯ್ಸ್ ಮೆಸೇಜಿನಲ್ಲಿ ಮಾತ್ರ.

ಈಗಿನದ್ದೂ ಒಂದು ಮಾತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ. ದುಡ್ಡು ಬಂತೆಂಬ ಮೆಸೇಜ್ ಎಲ್ಲಿಗೆ? ಖಾತೆಗೆ ಕೊಟ್ಟ ನಂಬರಿಗೆ, ಅದು ಎಷ್ಟೋ ಕಡೆ ಗಂಡನದ್ದು, ಮಗನದ್ದು. ರಾಯಬಾಗ ತಾಲ್ಲೂಕಿನ ಸುಟ್ಟಟ್ಟಿಯ ಅಜ್ಜಿಯೊಬ್ಬರು ಆ ದುಡ್ಡು ಕೂಡಿಸಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ರಾಜ್ಯಕ್ಕೇ ಸುದ್ದಿಯಾಯಿತು. ಅದೇ ತಾಲ್ಲೂಕಿನ ನಮ್ಮ ಒಬ್ಬ ಗಿರಾಕಿ ಹೆಂಗಸು ಮಾತ್ರ ನಾಲ್ಕು ತಿಂಗಳು "ಇನ್ನೂ ಬಂದಿಲ್ಲರಿ" ಅನ್ನುತ್ತಿದ್ದರು. ಬಂದಿತ್ತು. ಮೆಸೇಜ್ ಮಗನ ಫೋನಿನಲ್ಲಿತ್ತು, ಅವನು ಓದಿ ಅಳಿಸಿದ್ದ. ಗೊತ್ತಾದದ್ದು ಅವರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ. ಈಗ ತಮ್ಮದೇ ಒಂದು ಸಿಮ್ ತೆಗೆದುಕೊಂಡು, ಆ ನಂಬರ್ ಖಾತೆಗೆ ಸೇರಿಸಿದ್ದಾರೆ. ನಿಮ್ಮ ಮನೆಯಲ್ಲಿ ಉಮ್ಮನ ಖಾತೆಗೆ ಯಾರ ನಂಬರ್ ಇದೆ? ಮಕ್ಕಳ ಶಾಲೆಯ ಗ್ರೂಪಿನಲ್ಲಿ ಯಾರದ್ದು? ನಮ್ಮ ಮನೆಯಲ್ಲಿ ಹೋದ ತಿಂಗಳವರೆಗೆ ಎರಡರಲ್ಲೂ ನಮ್ಮದೇ ಇತ್ತು. ಮಗನ ಹೋಮ್‌ವರ್ಕ್ ಫೋಟೋ ಎಲ್ಲ ಖಾರಿ–ಟೋಸ್ಟ್ ಲೆಕ್ಕದ ಮಧ್ಯೆ ಬಿದ್ದಿರುತ್ತಿತ್ತು.

ಈಗ ಶಾಲೆಯ ಗ್ರೂಪಿನಲ್ಲಿ ಮನೆಯವರ ನಂಬರ್ ಇದೆ. ಅಂಗಡಿಯ ಫೋನಿನ ಪಕ್ಕದಲ್ಲಿ ಒಂದು ನೋಟ್ ಬುಕ್ ಇಟ್ಟಿದ್ದೇವೆ, ವಾಯ್ಸ್ ಮೆಸೇಜ್ ಪೂರ್ತಿ ಕೇಳಿ ಆರ್ಡರ್ ಅದರಲ್ಲಿ ಬರೆಯಬೇಕು, ಅದಕ್ಕೆ ಮುಂಚೆ "ಓಕೆ" ಹಾಕುವ ಹಾಗಿಲ್ಲ. ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ, ಕಾಗವಾಡದ ಒಬ್ಬ ಅಕ್ಕನದ್ದಂತೂ ನಾಲ್ಕು ನಿಮಿಷಕ್ಕೆ ಕಡಿಮೆ ಇರುವುದೇ ಇಲ್ಲ. ಮೊನ್ನೆ ಅವರದ್ದು ಬರೆದುಕೊಂಡ ಹುಡುಗ ಪುಟ ತೋರಿಸಿದ. "ಖಾರಿ ಎರಡು ಪಾಕೀಟು" ಅಂತ ಇತ್ತು, ಕೆಳಗೆ "ಮಗಳಿಗೆ ಮಿರಜಿನಲ್ಲಿ ಹೆರಿಗೆ ಆಗಿದೆ, ಗಂಡು, ಆ ಖಾರಿ ಅವಳಿಗೇ, ಮೆತ್ತಗಾದದ್ದು ಕೊಡಬೇಡಿ."